ಹಳೇ ಗುಮಾಸ್ತರಿಗೆ ಮನಸ್ಸಿಲ್ಲವೋ, ಕೈ ಹತ್ತುತ್ತಿಲ್ಲವೋ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಒಂದು ವ್ಯವಸಾಯ ಸೇವಾ ಸಹಕಾರ ಸಂಘದ ಕಾರ್ಯದರ್ಶಿ. ನನ್ನ ಜೊತೆ ಮೂವರು ಕೆಲಸಕ್ಕಿದ್ದಾರೆ. ಹಿರಿಯ ಗುಮಾಸ್ತರಿಗೆ ಐವತ್ತು ದಾಟಿದೆ. ಲೆಡ್ಜರ್ ಕಾಲದಲ್ಲಿ ಅವರಷ್ಟು ಚೊಕ್ಕ ಕೆಲಸ ಯಾರದೂ ಇರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಎಲ್ಲದಕ್ಕೂ 'ನಾಳೆ ಬನ್ನಿ' ಅನ್ನುತ್ತಾರೆ, ಸದಸ್ಯರ ಮೇಲೆ ರೇಗುತ್ತಾರೆ. ಇನ್ನೊಬ್ಬ ಬಿ.ಕಾಂ. ಓದಿದ ಹುಡುಗ. ಕಂಪ್ಯೂಟರಿನಲ್ಲಿ ಚುರುಕು, ಆದರೆ ತಡವಾಗಿ ಬರುತ್ತಾನೆ, ವೋಚರ್ ಎಂಟ್ರಿಯಲ್ಲಿ ತಪ್ಪು ಮಾಡುತ್ತಾನೆ, ಆಗಾಗ ಸಂಜೆ ಲೆಕ್ಕ ಕೂಡುವುದಿಲ್ಲ. ಗೊಬ್ಬರದ ಕೌಂಟರಿನಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ, ಅವಳದೇನೂ ತಕರಾರಿಲ್ಲ. ಹೊಸ ಶಾಖೆ ತೆರೆಯುತ್ತಿದ್ದೇವೆ, ಒಬ್ಬರಿಗೆ ಚಾರ್ಜ್ ಕೊಡಬೇಕು. ನಿರ್ದೇಶಕರು 'ಹಳಬರಿಗೆ ಮನಸ್ಸಿಲ್ಲ, ಹುಡುಗನಿಗೇ ಕೊಡಿ' ಅನ್ನುತ್ತಾರೆ. ಕೆಲಸಕ್ಕೆ ಸಾಮರ್ಥ್ಯ ಮುಖ್ಯವೋ, ಮನೋಭಾವ ಮುಖ್ಯವೋ? ಮನೋಭಾವವನ್ನು ಬದಲಾಯಿಸಲು ಆಗುತ್ತದೆಯೇ?

ಉತ್ತರ:

ನಿರ್ದೇಶಕರ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಶಿವಮೊಗ್ಗ ಜಿಲ್ಲೆಯ ಸೊಸೈಟಿಗಳಲ್ಲಿ ನನಗೆ ಜಾಸ್ತಿ ಕೇಳಿಬರುವ ಮಾತು ಅದೇ. 'ಅವರಿಗೆ ಮನಸ್ಸಿಲ್ಲ.' ಹೇಳುವುದು ಬಹಳ ಸುಲಭ. ಆದರೆ ನೀವು ಬರೆದದ್ದನ್ನು ಇನ್ನೊಮ್ಮೆ ಓದಿ ನೋಡಿ. ಲೆಡ್ಜರ್ ಇದ್ದಾಗ ಅದೇ ಮನುಷ್ಯರು ಚೊಕ್ಕವಾಗಿ ಕೆಲಸ ಮಾಡುತ್ತಿದ್ದರು. ಸಂಬಳ ಅದೇ, ಊರು ಅದೇ, ಸದಸ್ಯರೂ ಅವರೇ. ಬದಲಾದದ್ದು ಒಂದೇ, ಮೇಜಿನ ಮೇಲಿನ ಸಾಧನ. ಇಷ್ಟು ವರ್ಷ ಇದ್ದ ಮನಸ್ಸು ಕಂಪ್ಯೂಟರ್ ಬಂದ ದಿನವೇ ಎದ್ದು ಹೋಯಿತು ಅಂತ ನಂಬುವುದು ಕಷ್ಟ ಅಲ್ವಾ?

ನಾವು ದೂರದಿಂದ ನೋಡಿ 'ಮನೋಭಾವ ಸರಿ ಇಲ್ಲ' ಅನ್ನುವುದರಲ್ಲಿ ಬಹುಪಾಲು ಬೇರೇನೋ ಆಗಿರುತ್ತದೆ. ಕೆಲಸ ಬರದೇ ಇರುವುದು, ಬಂದರೂ ಧೈರ್ಯ ಸಾಲದೇ ಇರುವುದು, ಅಥವಾ ಮಾಡಲು ಬೇಕಾದ ಅನುಕೂಲವೇ ಇಲ್ಲದಿರುವುದು. ಬೇರೆಯವರ ನಡತೆಗೆ ಅವರ ಗುಣವನ್ನೇ ಕಾರಣ ಮಾಡುವುದು, ಅವರು ಸಿಕ್ಕಿಕೊಂಡಿರುವ ಪರಿಸ್ಥಿತಿಯನ್ನು ಮರೆಯುವುದು ಎಲ್ಲರಲ್ಲೂ ಇರುವ ದೋಷ. ಲೀ ರಾಸ್ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲೇ ಇದಕ್ಕೊಂದು ಹೆಸರು ಕೊಟ್ಟರು. ನಮ್ಮ ಕೆಲಸ ತಡವಾದರೆ 'ಕರೆಂಟ್ ಇರಲಿಲ್ಲ' ಅನ್ನುತ್ತೇವೆ, ಪಕ್ಕದವರದು ತಡವಾದರೆ 'ಸೋಮಾರಿ' ಅನ್ನುತ್ತೇವೆ.

ಇನ್ನು ನಿಮ್ಮ ಮೊದಲ ಪ್ರಶ್ನೆ, ಸಾಮರ್ಥ್ಯವೋ ಮನೋಭಾವವೋ ಅನ್ನುವುದು. ಕೆಲಸದ ಪ್ರೇರಣೆಯ ಬಗ್ಗೆ ಬರೆದ ಮನಶ್ಶಾಸ್ತ್ರಜ್ಞ ವಿಕ್ಟರ್ ವ್ರೂಮ್ 1964ರಲ್ಲಿ ಇದಕ್ಕೊಂದು ಸರಳ ಲೆಕ್ಕ ಹೇಳಿದರು. ಕೆಲಸದ ಫಲ ಅಂದರೆ ಸಾಮರ್ಥ್ಯ ಮತ್ತು ಮನಸ್ಸು ಎರಡರ ಗುಣಾಕಾರ. ಕೂಡಿಸುವುದಲ್ಲ, ಗುಣಿಸುವುದು. ಹಾಗಾಗಿ ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಉತ್ತರ ಸೊನ್ನೆಯೇ. 1982ರಲ್ಲಿ ಬ್ಲೂಂಬರ್ಗ್ ಮತ್ತು ಪ್ರಿಂಗಲ್ ಎಂಬಿಬ್ಬರು ಇದಕ್ಕೆ ಮೂರನೆಯದೊಂದು ಸೇರಿಸಿದರು, ಅವಕಾಶ. ಅಂದರೆ ಉಪಕರಣ, ಸಮಯ, ಮಾಹಿತಿ, ಜೊತೆಗಾರರು, ಮೇಲಿನವರ ನಡವಳಿಕೆ, ಎಲ್ಲವೂ. ನನ್ನ ಪ್ರಕಾರ ನಮ್ಮ ಮಲೆನಾಡಿನ ಕಚೇರಿಗಳಲ್ಲಿ ಮೊದಲು ನೋಡಬೇಕಾದದ್ದು ಈ ಮೂರನೆಯದನ್ನೇ.

ಹುಲಿಕಲ್, ಮಾಸ್ತಿಕಟ್ಟೆ ಕಡೆ ಜುಲೈ ತಿಂಗಳ ಮಳೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮರ ಬಿದ್ದು ಲೈನ್ ಹೋದರೆ ಎರಡು ದಿನ ಕರೆಂಟ್ ಇಲ್ಲ, ಟವರಿನ ಬ್ಯಾಟರಿ ಮುಗಿದರೆ ನೆಟ್‌ವರ್ಕೂ ಇಲ್ಲ. ಅದೇ ಹೊತ್ತಿಗೆ ಸದಸ್ಯರು ಪಹಣಿ ಹಿಡಿದು, ಛತ್ರಿ ಮಡಚಿ, ಕೌಂಟರಿನ ಮುಂದೆ ನಿಂತಿರುತ್ತಾರೆ. ಆಗ 'ನಾಳೆ ಬನ್ನಿ' ಅನ್ನುವುದು ಬಿಟ್ಟು ಗುಮಾಸ್ತರು ಇನ್ನೇನು ಹೇಳಬೇಕು? ಹಾಗಾಗಿ ನಿಮಗೆ ಮೊದಲ ಕೆಲಸ: ಎರಡು ವಾರ ಒಂದು ನೋಟ್‌ಬುಕ್ ಇಡಿ. ಅವರು 'ನಾಳೆ ಬನ್ನಿ' ಅಂದಾಗಲೆಲ್ಲ ಯಾವ ಕೆಲಸಕ್ಕೆ ಅಂದರು, ಎಷ್ಟು ಹೊತ್ತಿಗೆ, ಆಗ ನೆಟ್ ಇತ್ತೋ ಇಲ್ಲವೋ, ಇಷ್ಟನ್ನು ಬರೆಯಿರಿ. ಅವರಿಗೆ ಗೊತ್ತಿಲ್ಲದ ಹಾಗೆ ಬರೆಯಬೇಡಿ. 'ಕೆಲಸ ಎಲ್ಲಿ ನಿಲ್ಲುತ್ತಿದೆ ಅಂತ ನೋಡ್ತಾ ಇದೀನಿ' ಅಂತ ಮೂವರಿಗೂ ಹೇಳಿಯೇ ಬರೆಯಿರಿ. ನೆಟ್ ಇಲ್ಲದಾಗ ಮಾತ್ರ ಹಾಗೆ ಅನ್ನುತ್ತಿದ್ದರೆ ನಿಮಗೆ ಬೇಕಾದದ್ದು ಯುಪಿಎಸ್ ಮತ್ತು ಇನ್ನೊಂದು ಕಂಪನಿಯ ಸಿಮ್. ನೆಟ್ ಇದ್ದಾಗಲೂ, ಅದರಲ್ಲೂ ಒಂದೆರಡು ಬಗೆಯ ಕೆಲಸಕ್ಕೆ ಮಾತ್ರ ಹಾಗೆ ಅನ್ನುತ್ತಿದ್ದರೆ ಆ ಕೆಲಸ ಅವರಿಗೆ ಇನ್ನೂ ಕೈ ಹತ್ತಿಲ್ಲ. ಎಲ್ಲ ಕೆಲಸಕ್ಕೂ, ಎಲ್ಲ ಹೊತ್ತಿನಲ್ಲೂ, ಬಂದವರಿಗೆಲ್ಲ ಅಂದರೆ ಮಾತ್ರ ನಿರ್ದೇಶಕರು ಹೇಳಿದ್ದು ನಿಜ ಇರಬಹುದು.

ನನ್ನ ಊಹೆ ಎರಡನೆಯದು. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸುಮಾರು 63,000 ಪ್ರಾಥಮಿಕ ಸೊಸೈಟಿಗಳನ್ನು ಕಂಪ್ಯೂಟರೀಕರಣ ಮಾಡಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯ ಕೆಲಸವೇ. ಆದರೆ ಯಂತ್ರ ಬಂದಷ್ಟು ಬೇಗ ಕಲಿಕೆ ಬರುವುದಿಲ್ಲ. ಒಂದು ದಿನ ದೊಡ್ಡ ಹಾಲ್‌ನಲ್ಲಿ ಕೂರಿಸಿ, ಪರದೆಯ ಮೇಲೆ ತೋರಿಸಿ, ಊಟ ಹಾಕಿ ಕಳಿಸಿದರೆ ಹುಡುಗರಿಗೆ ಸಾಕಾಗಬಹುದು, ಇವರಿಗೆ ಸಾಲುವುದಿಲ್ಲ. ವಯಸ್ಸಾದಂತೆ ಬುದ್ಧಿ ಕಮ್ಮಿಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ರೇಮಂಡ್ ಕ್ಯಾಟೆಲ್ ಎಂಬ ಮನಶ್ಶಾಸ್ತ್ರಜ್ಞ ಬುದ್ಧಿಯಲ್ಲಿ ಎರಡು ಬಗೆ ಗುರುತಿಸಿದ್ದರು. ಹೊಸ ಸಮಸ್ಯೆಯನ್ನು ಥಟ್ಟನೆ ಬಿಡಿಸುವುದು ಒಂದು, ಅದು ವಯಸ್ಸಿನ ಜೊತೆ ನಿಧಾನವಾಗುತ್ತದೆ. ವರ್ಷಗಟ್ಟಲೆ ಕಲಿತು ಗಟ್ಟಿಯಾದ ತಿಳಿವಳಿಕೆ ಇನ್ನೊಂದು, ಅದು ಬಹಳ ಕಾಲ ಉಳಿಯುತ್ತದೆ, ಬೆಳೆಯುತ್ತಲೂ ಇರುತ್ತದೆ. ಯಾವ ಸದಸ್ಯರ ಜಮೀನು ಅಣ್ಣತಮ್ಮಂದಿರಲ್ಲಿ ಪಾಲಾಗಿದೆ, ಯಾರ ಸಾಲಕ್ಕೆ ಯಾರು ಜಾಮೀನು, ಯಾವ ಸಾಲ ಮಾರ್ಚ್ ಒಳಗೆ ಕಟ್ಟಿಸಿಕೊಳ್ಳದಿದ್ದರೆ ಸುಸ್ತಿಗೆ, ಅಂದರೆ ಗಡುವು ಮೀರಿದ ಬಾಕಿಗೆ, ಬೀಳುತ್ತದೆ, ಇದೆಲ್ಲ ನಿಮ್ಮ ಗುಮಾಸ್ತರ ತಲೆಯಲ್ಲಿದೆ. ಹುಡುಗನಿಗೆ ಅದು ಬರಲು ವರ್ಷಗಳು ಬೇಕು. ಇವರಿಗೆ ಸಾಫ್ಟ್‌ವೇರ್ ಬರಲು ಅಷ್ಟು ಕಾಲ ಬೇಡ, ಅವರದೇ ವೇಗದಲ್ಲಿ ಕಲಿಯಲು ಬಿಡಬೇಕು ಅಷ್ಟೇ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಇಡೀ ಉತ್ತರದಲ್ಲಿ ನಾನು ಜಾಸ್ತಿ ಒತ್ತಿ ಹೇಳಬೇಕು ಅಂದುಕೊಂಡದ್ದು ಇದನ್ನೇ. ಸಾಮರ್ಥ್ಯ ಬೇರೆ, 'ನನ್ನಿಂದ ಆಗುತ್ತದೆ' ಅನ್ನುವ ನಂಬಿಕೆ ಬೇರೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಿಂದ ಮುಂದೆ ದಶಕಗಟ್ಟಲೆ ಈ ನಂಬಿಕೆಯ ಬಗ್ಗೆ ಕೆಲಸ ಮಾಡಿದರು. ನಂಬಿಕೆ ಇಲ್ಲದವರು ಕೆಲಸವನ್ನು ಮುಂದೂಡುತ್ತಾರೆ, ಮೊದಲ ಅಡ್ಡಿಗೇ ಕೈಬಿಡುತ್ತಾರೆ, ಎಲ್ಲರ ಎದುರು ಸಿಕ್ಕಿಬೀಳಬಾರದು ಅಂತ ದೂರ ಸರಿಯುತ್ತಾರೆ. ಹೊರಗಿನಿಂದ ನೋಡುವವರಿಗೆ ಇದು ಸೋಮಾರಿತನದ ಹಾಗೆ, ಅಹಂಕಾರದ ಹಾಗೆ ಕಾಣುತ್ತದೆ. ಇಪ್ಪತ್ತು ವರ್ಷ ಊರಿನವರಿಂದ 'ಗುಮಾಸ್ತರನ್ನೇ ಕೇಳಿ' ಅನ್ನಿಸಿಕೊಂಡ ಮನುಷ್ಯ, ಈಗ ಮಗನ ವಯಸ್ಸಿನವನನ್ನು ಕರೆದು 'ಇದು ಹೇಗೋ?' ಅಂತ ಕೌಂಟರಿನಲ್ಲೇ ಕೇಳಬೇಕು. ರೇಗುವುದರಲ್ಲಿ ಆಶ್ಚರ್ಯ ಇಲ್ಲ. ಆ ಸಿಟ್ಟು ಸದಸ್ಯರ ಮೇಲಿನದು ಅಂತ ನನಗೆ ಅನ್ನಿಸುವುದಿಲ್ಲ.

ಈ ನಂಬಿಕೆ ಹುಟ್ಟುವುದು ನಾಲ್ಕು ಕಡೆಯಿಂದ ಅಂತ ಬಂಡೂರ ಹೇಳುತ್ತಾರೆ. ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರೇ ಮಾಡಿದ್ದನ್ನು ಕಣ್ಣಾರೆ ನೋಡುವುದು, ನಂಬಿಕಸ್ತರ ಮಾತು, ಮತ್ತೆ ಮೈಮನಸ್ಸಿನ ಸ್ಥಿತಿ. ಎಲ್ಲಕ್ಕಿಂತ ಬಲವಾದದ್ದು ಮೊದಲನೆಯದು. ಆದ್ದರಿಂದ ಅವರಿಗೆ ಇಡೀ ಸಾಫ್ಟ್‌ವೇರನ್ನು ಒಮ್ಮೆಲೇ ಕಲಿಸಬೇಡಿ. ಒಂದೇ ಕೆಲಸ ಆರಿಸಿ, ಉಳಿತಾಯ ಖಾತೆಯ ಜಮಾ-ಖರ್ಚು ಅಂತ ಇಟ್ಟುಕೊಳ್ಳಿ. ಒಂದು ತಿಂಗಳು ಅದು ಅವರದೇ. ಕೌಂಟರ್ ಮುಚ್ಚಿದ ಮೇಲೆ ಅರ್ಧ ಗಂಟೆ ಅವರ ಪಕ್ಕ ಯಾರಾದರೂ ಕೂರಲಿ. ಹುಡುಗನೇ ಕೂರುವುದಾದರೆ ಅವನಿಗೆ ಒಂದು ಮಾತು ಕಡ್ಡಾಯವಾಗಿ ಹೇಳಿ: ಮೌಸ್ ಮುಟ್ಟಬಾರದು. ಕಲಿಸುವವರು ಮೌಸ್ ಕಿತ್ತುಕೊಂಡು ಟಕಟಕ ಅಂತ ಮುಗಿಸಿಬಿಟ್ಟರೆ ಕಲಿಯುವವರಿಗೆ ಸಿಗುವುದು ಒಂದೇ ಪಾಠ, ಇದು ನನ್ನ ಕೈಲಿ ಆಗುವುದಲ್ಲ ಅಂತ. ಹಂತಗಳನ್ನು ಅವರ ಕೈಬರಹದಲ್ಲೇ, ಕನ್ನಡದಲ್ಲೇ, ಒಂದು ಹಾಳೆಯಲ್ಲಿ ಬರೆದು ಮೇಜಿಗೆ ಅಂಟಿಸಿಕೊಳ್ಳಲಿ. ಇನ್ನೊಂದು: ಹುಡುಗನ ವೇಗ ತೋರಿಸಿ 'ನೋಡಿ ಕಲೀರಿ' ಅನ್ನಬೇಡಿ. ಅವನು ಅವರಂಥವನಲ್ಲ, ಅವನನ್ನು ನೋಡಿ ಅವರಿಗೆ ಧೈರ್ಯ ಬರುವುದಿಲ್ಲ. ಪಕ್ಕದ ಯಾವುದಾದರೂ ಸೊಸೈಟಿಯಲ್ಲಿ ಐವತ್ತು ದಾಟಿದ ಗುಮಾಸ್ತರೊಬ್ಬರು ಕಂಪ್ಯೂಟರ್ ಕಲಿತಿದ್ದರೆ, ನಿಮ್ಮವರನ್ನು ಒಂದು ದಿನ ಅಲ್ಲಿಗೆ ಕಳಿಸಿ. ಇಡೀ ದಿನದ ತರಬೇತಿಗಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ಮಾತಾಡುವ ಬಗ್ಗೆಯೂ ಹೇಳಬೇಕು. ಕ್ಲೂಗರ್ ಮತ್ತು ಡಿನಿಸಿ ಎಂಬ ಸಂಶೋಧಕರು 1996ರಲ್ಲಿ, ಕೆಲಸದವರಿಗೆ 'ನಿಮ್ಮ ಕೆಲಸ ಹೀಗಿದೆ' ಅಂತ ತಿಳಿಸಿದರೆ ಏನಾಗುತ್ತದೆ ಅನ್ನುವ ನೂರಾರು ಫಲಿತಾಂಶಗಳನ್ನು ಒಟ್ಟು ಹಾಕಿ ನೋಡಿದರು. ಸರಾಸರಿಯಲ್ಲಿ ಕೆಲಸ ಸುಧಾರಿಸಿತ್ತು. ಆದರೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ಸಂದರ್ಭಗಳಲ್ಲಿ ಹಾಗೆ ಹೇಳಿದ್ದರಿಂದಲೇ ಕೆಲಸ ಇನ್ನೂ ಕೆಟ್ಟಿತ್ತು. ಮಾತು ಕೆಲಸದ ಮೇಲಿದ್ದರೆ ಉಪಯೋಗ, ಮನುಷ್ಯನ ಮೇಲೆ ತಿರುಗಿದರೆ ನಷ್ಟ. 'ನೀವು ಬದಲಾಗಬೇಕು' ಅಂತ ಮೀಟಿಂಗಿನಲ್ಲಿ ಹೇಳುವುದನ್ನು ದಯವಿಟ್ಟು ಬಿಡಿ. ಪಕ್ಕ ಕೂತು, 'ಸಾಲ ನವೀಕರಣದ ಎಂಟ್ರಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಒಂದ್ಸಲ ನನಗೆ ತೋರಿಸಿ ಮಾರಾಯ್ರೇ' ಅನ್ನಿ. ತೋರಿಸುತ್ತಾರೆ.

ಈಗ ಹುಡುಗನ ವಿಷಯ. ಇವನಲ್ಲೂ ನಿರ್ದೇಶಕರು ಕಾಣುತ್ತಿರುವುದು ಚುರುಕುತನ ಒಂದನ್ನೇ. ಚುರುಕುತನ ಸಣ್ಣ ಗುಣವಲ್ಲ, ಹೊಸ ಕೆಲಸ ಕಲಿಯುವ ಶಕ್ತಿಗೂ ಕೆಲಸದ ಫಲಕ್ಕೂ ಗಟ್ಟಿ ಸಂಬಂಧ ಇದೆ ಅಂತ ದಶಕಗಳ ಸಂಶೋಧನೆ ತೋರಿಸಿದೆ. ಆದರೆ ಗುಣಗಳ ಸಾಲಿನಲ್ಲಿ ಹೆಚ್ಚೂಕಮ್ಮಿ ಎಲ್ಲ ಬಗೆಯ ಉದ್ಯೋಗಕ್ಕೂ ಬೇಕಾಗುವುದು ಇನ್ನೊಂದು. ಬ್ಯಾರಿಕ್ ಮತ್ತು ಮೌಂಟ್ 1991ರಲ್ಲಿ ಅದನ್ನು ಲೆಕ್ಕ ಸಮೇತ ತೋರಿಸಿದರು. ನಮ್ಮ ಮಾತಿನಲ್ಲಿ ಅದು ಅಚ್ಚುಕಟ್ಟು, ಜವಾಬ್ದಾರಿ, ಹಿಡಿದದ್ದನ್ನು ಮುಗಿಸುವುದು. ಸೊಸೈಟಿಯಂಥ ದುಡ್ಡಿನ ಕೆಲಸದಲ್ಲಿ ಇದಿಲ್ಲದ ಚುರುಕುತನಕ್ಕೆ ನಾನು ಹೆದರುತ್ತೇನೆ. ತಪ್ಪು ಎಂಟ್ರಿಯನ್ನೂ ಅದು ಅಷ್ಟೇ ಬೇಗ ಹಾಕಿಬಿಡುತ್ತದೆ.

ಹಾಗಂತ ಅವನಿಗೆ ಜವಾಬ್ದಾರಿ ಇಲ್ಲ ಅಂತ ತೀರ್ಮಾನಿಸಿದರೆ ನಿರ್ದೇಶಕರು ಹಿರಿಯರಿಗೆ ಮಾಡಿದ್ದನ್ನೇ ನಾವು ಇವನಿಗೆ ಮಾಡಿದ ಹಾಗಾಗುತ್ತದೆ. ತಡ ಯಾಕೆ? ಅವನ ಊರಿನಿಂದ ಬೆಳಿಗ್ಗೆ ಎಷ್ಟು ಬಸ್ ಇದೆ? ಒಂದೇ ಬಸ್ ಇದ್ದು ಅದೇ ತಡವಾಗುತ್ತಿದ್ದರೆ ಉಪದೇಶ ಮಾಡಿ ಪ್ರಯೋಜನ ಇಲ್ಲ, ಅವನ ಸಮಯವನ್ನೇ ಅರ್ಧ ಗಂಟೆ ಮುಂದೆ ಹಾಕಿ, ಸಂಜೆ ಅಷ್ಟು ಹೊತ್ತು ಜಾಸ್ತಿ ಕೂರಲಿ. ಬಸ್ ಸರಿಯಾಗಿದ್ದೂ ತಡವಾದರೆ ಅದು ಬೇರೆ ಮಾತು.

ತಪ್ಪುಗಳನ್ನೂ ಬಿಡಿಸಿ ನೋಡಬೇಕು. ಮನುಷ್ಯರ ತಪ್ಪುಗಳ ಬಗ್ಗೆ ಬರೆದ ಜೇಮ್ಸ್ ರೀಸನ್ ಮಾಡಿದ ವಿಂಗಡಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗೊತ್ತಿದ್ದೂ ಕೈತಪ್ಪುವುದು ಒಂದು, ಗೊತ್ತಿಲ್ಲದೆ ತಪ್ಪುವುದು ಒಂದು, ನಿಯಮ ಗೊತ್ತಿದ್ದೂ ಬೇಕೆಂದೇ ಮೀರುವುದು ಇನ್ನೊಂದು. 5,400 ಅನ್ನು 4,500 ಅಂತ ಹೊಡೆದಿದ್ದರೆ ಅದು ಕೈತಪ್ಪು. ಒಂದು ಕಡೆ ಸದಸ್ಯರ ಜೊತೆ ಮಾತು, ಇನ್ನೊಂದು ಕಡೆ ಮೊಬೈಲ್, ನಡುವೆ ಎಂಟ್ರಿ, ಹೀಗಿದ್ದರೆ ಅದು ಆಗಿಯೇ ಆಗುತ್ತದೆ. ಅದಕ್ಕೆ ಮದ್ದು ಎಂಟ್ರಿಗೆ ಅಡ್ಡಿಯಿಲ್ಲದ ಒಂದು ಹೊತ್ತು, ಮತ್ತೆ ಇನ್ನೊಬ್ಬರು ಟಿಕ್ ಹಾಕಿ ನೋಡುವ ಪದ್ಧತಿ. ಅಸಲಿಗೆ ಹಾಕಬೇಕಾದದ್ದನ್ನು ಬಡ್ಡಿಗೆ ಹಾಕುತ್ತಿದ್ದರೆ ಅದು ತಿಳಿವಳಿಕೆಯ ಕೊರತೆ, ಹಿರಿಯರು ಕಲಿಸಬೇಕು. ಆದರೆ ಸಂಜೆ ನಗದು ಕೂಡದಿರುವುದನ್ನು ಮಾತ್ರ ಈ ಯಾವ ಲೆಕ್ಕಕ್ಕೂ ಸೇರಿಸಿ ಸಮಾಧಾನ ಮಾಡಿಕೊಳ್ಳಬೇಡಿ. ನಗದು ಅವತ್ತೇ ಕೂಡಬೇಕು, ಕೂಡುವ ತನಕ ನೀವೂ ಎದ್ದು ಹೋಗಬಾರದು, ಕೂಡದಿದ್ದರೆ ಪುಸ್ತಕದಲ್ಲಿ ಬರೆದು ಸಹಿ ಹಾಕಿ ಅಧ್ಯಕ್ಷರಿಗೆ ತಿಳಿಸಬೇಕು. ಇದನ್ನು ಸಡಿಲ ಬಿಟ್ಟ ಕಡೆ ಒಳ್ಳೆಯ ಹುಡುಗರೂ ಹಾಳಾಗುತ್ತಾರೆ.

ಮನೋಭಾವ ಬದಲಾಯಿಸಲು ಆಗುತ್ತದೆಯೇ ಅಂತ ಕೇಳಿದ್ದೀರಿ. ಎಲ್ಲವೂ ಒಂದೇ ಅಲ್ಲ. 'ನನ್ನಿಂದ ಆಗುತ್ತದೆ' ಅನ್ನುವ ನಂಬಿಕೆ ತಿಂಗಳುಗಳಲ್ಲಿ ಬದಲಾಗುತ್ತದೆ. ಅಚ್ಚುಕಟ್ಟುತನ ನಿಧಾನ, ವರ್ಷಗಳ ಮಾತು, ಅದನ್ನು ಭಾಷಣದಿಂದ ಯಾರೂ ತರಲಾರರು. ಅದಿಲ್ಲದ ಕಡೆ ಪದ್ಧತಿಯನ್ನು ಗಟ್ಟಿ ಮಾಡಬೇಕು. ಇನ್ನು ಕೆಲಸದ ಮೇಲಿನ ತೃಪ್ತಿ. ಸಿಬ್ಬಂದಿ ಸಂತೋಷವಾಗಿದ್ದರೆ ಕೆಲಸ ತಾನಾಗಿ ಆಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಟಿಮ್ ಜಡ್ಜ್ ಮತ್ತು ಜೊತೆಗಾರರು 2001ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ತೃಪ್ತಿಗೂ ಕೆಲಸದ ಫಲಕ್ಕೂ ಇರುವ ಸಂಬಂಧ ಸುಮಾರು 0.30 ಬಂತು. ಸಂಬಂಧವೇ ಇಲ್ಲದಿದ್ದರೆ 0, ಪೂರ್ತಿ ಇದ್ದರೆ 1. ಅಂದರೆ ಇದೆ, ಆದರೆ ನಾವು ಅಂದುಕೊಂಡಷ್ಟು ಇಲ್ಲ. ಚೆನ್ನಾಗಿ ಕೆಲಸ ಮಾಡಿದ್ದರಿಂದಲೇ ತೃಪ್ತಿ ಬರುವುದೂ ಉಂಟು. ಸಂಬಳ, ರಜೆ, ಗೌರವ ಕೊಡಬೇಕು, ಅವು ಅವರ ಹಕ್ಕು. ಆದರೆ ಹಬ್ಬಕ್ಕೆ ಸ್ವೀಟ್ ಬಾಕ್ಸ್ ಕೊಟ್ಟರೆ ಸಂಜೆ ಲೆಕ್ಕ ಕೂಡುವುದಿಲ್ಲ.

ಗುರಿ ಹೇಳುವ ರೀತಿಯಿಂದಲೂ ಬಹಳ ವ್ಯತ್ಯಾಸ ಆಗುತ್ತದೆ. ಅಡಿಕೆ ಸುಲಿತದ ಮನೆಯಲ್ಲಿ ಯಾರು ಎಷ್ಟು ಸುಲಿದರು ಅನ್ನುವುದು ರಾತ್ರಿ ಅಳೆದಾಗ ಎಲ್ಲರ ಕಣ್ಣಿಗೂ ಬೀಳುತ್ತದೆ, ಕಚೇರಿ ಕೆಲಸದಲ್ಲಿ ಹಾಗೆ ಕಾಣುವುದಿಲ್ಲ. ಅದಕ್ಕೇ 'ಚೆನ್ನಾಗಿ ಮಾಡಿ', 'ಸ್ವಲ್ಪ ನೋಡ್ಕೊಂಡು ಮಾಡಿ' ಅಂತ ಹೇಳಿ ಸುಮ್ಮನಾಗುತ್ತೇವೆ. 1975ರಲ್ಲಿ ಲೇಥಮ್ ಮತ್ತು ಬಾಲ್ಡಿಸ್ ಅಮೆರಿಕದ ಮರದ ದಿಮ್ಮಿ ಸಾಗಿಸುವ ಲಾರಿಗಳ ಮೇಲೆ ಒಂದು ಅಧ್ಯಯನ ಮಾಡಿದರು. 'ಆದಷ್ಟು ತುಂಬಿಸಿ' ಅಂದಾಗ ಚಾಲಕರು ಕಾನೂನು ಒಪ್ಪುವ ತೂಕದ ಸುಮಾರು ಶೇ. 60ರಷ್ಟೇ ಹೇರುತ್ತಿದ್ದರು. 'ಶೇ. 94' ಅಂತ ಖಚಿತ ಗುರಿ ಕೊಟ್ಟ ಮೇಲೆ ಕೆಲವು ತಿಂಗಳಲ್ಲಿ ಅದು ಶೇ. 90ರ ಆಸುಪಾಸಿಗೆ ಏರಿತು. ಸಂಬಳ ಹೆಚ್ಚಿಸಿರಲಿಲ್ಲ. ನಿಮ್ಮಲ್ಲಿಯೂ ಹುಡುಗನಿಗೆ 'ಈ ತಿಂಗಳು ತಿದ್ದುಪಡಿ ಎಂಟ್ರಿ ವಾರಕ್ಕೆ ಎರಡು ದಾಟಬಾರದು' ಅಂತ ಹೇಳಿ. ಅವನು ಒಪ್ಪಬೇಕು, ಲೆಕ್ಕವನ್ನು ಅವನೇ ಬರೆಯಬೇಕು.

ಇನ್ನು ಶಾಖೆಯ ಚಾರ್ಜ್. ನಿಮ್ಮ ಪ್ರಶ್ನೆಯಲ್ಲಿ ಗೊಬ್ಬರದ ಕೌಂಟರಿನ ಹೆಣ್ಣುಮಗಳಿಗೆ ಸಿಕ್ಕಿದ್ದು ಒಂದೇ ಸಾಲು. ನನಗೆ ಆ ಸಾಲಿನ ಮೇಲೆಯೇ ಕಣ್ಣು ನಿಂತಿತು. ಗೊಬ್ಬರದ ಕೌಂಟರ್ ಅಂದರೆ ಏನು ಅಂತ ಯೋಚಿಸಿ. ಮಳೆ ಹಿಡಿಯುವ ಮುಂಚೆ ಎಲ್ಲರಿಗೂ ಒಂದೇ ಸಲ ಯೂರಿಯಾ ಬೇಕು. ಮಾರಾಟ ದಾಖಲಿಸುವ ಪಿಒಎಸ್ ಯಂತ್ರಕ್ಕೆ ಬೆರಳು ಒತ್ತಿಸಬೇಕು, ತೋಟದಲ್ಲಿ ದುಡಿದು ಬೆರಳಿನ ಗೆರೆ ಸವೆದವರದನ್ನು ಅದು ಹಿಡಿಯುವುದಿಲ್ಲ. ದಾಸ್ತಾನು, ಯಂತ್ರದ ಲೆಕ್ಕ, ನಗದು ಮೂರೂ ತಾಳೆಯಾಗಬೇಕು. ಇಷ್ಟೆಲ್ಲ ಇದ್ದೂ 'ತಕರಾರಿಲ್ಲ' ಅಂದರೆ ಅದು ತಾನಾಗಿ ಆಗಿರುವುದಿಲ್ಲ. ಬೋರ್ಮನ್ ಮತ್ತು ಮೊಟೊವಿಡ್ಲೊ 1993ರಲ್ಲಿ ಕೆಲಸದ ಫಲವನ್ನು ಎರಡಾಗಿ ನೋಡಿದರು. ಹುದ್ದೆಯ ಕೆಲಸ ಒಂದು, ಸುತ್ತಲಿನವರ ಕೆಲಸ ಸಾಗುವಂತೆ ನೋಡಿಕೊಳ್ಳುವುದು ಇನ್ನೊಂದು. ಎರಡನೆಯದು ಕಣ್ಣಿಗೆ ಬೀಳುವುದು ಅವರು ರಜೆ ಹಾಕಿದ ದಿನ. ಅವಳು ರಜೆ ಹಾಕಿದ ದಿನ ನಿಮ್ಮ ಕಚೇರಿ ಹೇಗಿರುತ್ತದೆ ಅಂತ ಒಮ್ಮೆ ನೆನಪಿಸಿಕೊಳ್ಳಿ.

ಆಯ್ಕೆಯನ್ನು ಅಭಿಪ್ರಾಯದ ಮೇಲೆ ಮಾಡಬೇಡಿ. ಎಷ್ಟು ವರ್ಷದ ಸರ್ವಿಸ್ ಅನ್ನುವುದೊಂದನ್ನೇ ನೋಡಿದರೆ ಮುಂದಿನ ಕೆಲಸದ ಬಗ್ಗೆ ಅದು ಹೇಳುವುದು ಬಹಳ ಕಮ್ಮಿ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಮೊದಲೇ ಬರೆದಿಟ್ಟ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನ, ಮತ್ತೆ ಆ ಹುದ್ದೆಯ ಕೆಲಸವನ್ನೇ ಸ್ವಲ್ಪ ಮಾಡಿಸಿ ನೋಡುವುದು, ಇವೆರಡೂ ಅದಕ್ಕಿಂತ ಎಷ್ಟೋ ಮೇಲು ಅಂತ 1998ರಲ್ಲಿ ಶ್ಮಿಟ್ ಮತ್ತು ಹಂಟರ್ ಮಾಡಿದ ದೊಡ್ಡ ಲೆಕ್ಕವೂ, ಅದನ್ನು ತಿದ್ದಿ 2022ರಲ್ಲಿ ಸ್ಯಾಕೆಟ್ ತಂಡ ಮಾಡಿದ ಲೆಕ್ಕವೂ ಹೇಳುತ್ತವೆ. ನಿಮಗೆ ಇದು ಕಷ್ಟವಲ್ಲ. ಮೂವರಿಗೂ ಸರದಿಯಲ್ಲಿ ಎರಡೆರಡು ವಾರ ದಿನದ ಮುಕ್ತಾಯದ, ಅಂದರೆ ಸಂಜೆ ಲೆಕ್ಕ ಕೂಡಿಸಿ ಮುಗಿಸುವ, ಪೂರ್ತಿ ಹೊಣೆ ಕೊಡಿ. ಹಿರಿಯರ ಸರದಿ ಕೊನೆಗಿರಲಿ, ಕಲಿಯಲು ಸಮಯ ಸಿಗುತ್ತದೆ. ಆಮೇಲೆ ಇಬ್ಬರು ಮೂವರು ನಿರ್ದೇಶಕರು ಕೂತು ಒಂದೇ ಐದಾರು ಪ್ರಶ್ನೆ ಕೇಳಲಿ: ಸುಸ್ತಿದಾರರು ಸಿಟ್ಟಿನಲ್ಲಿ ಬಂದರೆ ಏನು ಮಾಡುತ್ತೀರಿ, ನಗದು ಕೂಡದಿದ್ದರೆ ಏನು ಮಾಡುತ್ತೀರಿ, ಕರೆಂಟ್ ಇಲ್ಲದ ದಿನ ಕೌಂಟರ್ ಹೇಗೆ ನಡೆಸುತ್ತೀರಿ. ಅಂಕವನ್ನು ಒಬ್ಬರಿಗೊಬ್ಬರು ತೋರಿಸದೆ ಬರೆಯಲಿ, ಮಾತುಕತೆ ಆಮೇಲೆ.

ಶಾಖೆಯಲ್ಲಿ ಒಬ್ಬರೇ ಇರುತ್ತಾರೆ, ಪಕ್ಕದಲ್ಲಿ ತಿದ್ದುವವರು ಇರುವುದಿಲ್ಲ. ಆದ್ದರಿಂದ ಹುಡುಗನನ್ನು ಈಗಲೇ ಒಂಟಿಯಾಗಿ ಅಲ್ಲಿಗೆ ಕಳಿಸುವುದು ಅವನಿಗೂ ಒಳ್ಳೆಯದಲ್ಲ, ಸೊಸೈಟಿಗೂ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಂದು ವರ್ಷ ಹಿರಿಯರ ಪಕ್ಕದಲ್ಲೇ ಇರಲಿ, ಅವರು ಇವನ ವೋಚರ್ ನೋಡಲಿ, ಇವನು ಅವರಿಗೆ ಮೌಸ್ ಮುಟ್ಟದೆ ಕಲಿಸಲಿ. ಮುಂದಿನ ಆಡಳಿತ ಮಂಡಳಿ ಸಭೆಗೆ ನೋಟ್‌ಬುಕ್ ತೆಗೆದುಕೊಂಡು ಹೋಗಿ. ನಿರ್ದೇಶಕರು ಮತ್ತೆ 'ಮನಸ್ಸಿಲ್ಲ' ಅಂದರೆ ಪುಟ ತೆರೆದು ತೋರಿಸಿ, ಯುಪಿಎಸ್‌ಗೆ ಮಂಜೂರಾತಿ ಕೇಳಿ. ಮತ್ತೆ ಶಾಖೆಯ ಚಾರ್ಜಿಗೆ ಅರ್ಜಿ ಕರೆಯುವಾಗ ಗೊಬ್ಬರದ ಕೌಂಟರಿನವಳನ್ನೂ ಬಾಯಿಬಿಟ್ಟು ಕರೆದು ಹೇಳಿ, ನೋಟಿಸ್ ಬೋರ್ಡಿಗೆ ಹಾಕಿ ಸುಮ್ಮನಾಗಬೇಡಿ. ತನ್ನನ್ನು ಯಾರೂ ಎಣಿಸಿಲ್ಲ ಅಂದುಕೊಂಡವರು ತಾವಾಗಿ ಅರ್ಜಿ ಹಾಕುವುದು ಕಮ್ಮಿ.